ರಾಗ್ನಾ ಎಂಬ ಹೆಸರು ಯಾರಿಗೆ ಹೋಯಿತು?

“ಲಾರ್ಸ್ ಬ್ರೆಕ್ಕೆಗೆ ಮೂರೇ ಮಕ್ಕಳು ಮೇಡಂ. ನಾಲ್ಕನೆಯದು ಇಲ್ಲ. ನೀವು ಕಾಫಿ ಕುಡಿಯಿರಿ, ತಣಿದುಹೋಗ್ತದೆ.”

ಜೂಲಿಯನ್ ಮಥಾಯಸ್ ಇಷ್ಟು ಹೇಳಿ, ಇನ್ನು ಮಾತು ಮುಗಿಯಿತು ಎಂಬಂತೆ ಬೆಂಕಿಗೂಡಿಗೆ ಒಂದು ಕೊರಡು ನೂಕಿದರು. ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ಜುಲೈ ಚಳಿಯ ಮಧ್ಯಾಹ್ನವೂ ಸ್ವೆಟರ್ ಬಿಚ್ಚುವಂತಿಲ್ಲ. ಆದರೂ ನಾನು ಕಾಫಿ ಮುಟ್ಟಲಿಲ್ಲ. ನನ್ನ ಕಣ್ಣು ಅವರ ಹಿಂದಿನ ಗೋಡೆಯ ಮೇಲಿತ್ತು.

ಅಲ್ಲಿ ಚೌಕಟ್ಟು ಹಾಕಿಸಿದ ಒಂದು ವಂಶವೃಕ್ಷ. ಮೇಲೆ ಲಾರ್ಸ್ ಬ್ರೆಕ್ಕೆ, ನೂರು ವರ್ಷದ ಹಿಂದೆ ನಾರ್ವೆಯಿಂದ ಹಡಗು ಹತ್ತಿ ಬಂದ ಬಡಗಿ. ಪಕ್ಕದಲ್ಲಿ ಹೆಂಡತಿ ಕಾರೆನ್, 1924ರಲ್ಲಿ ಬಂದವಳು. ಕೆಳಗೆ ಮೂರು ಕೊಂಬೆ: ಸೆವರಿನ್, ಹಾಲ್ವೋರ್, ಇಂಗಾ. ಹಾಲ್ವೋರ್ ಮತ್ತು ಇಂಗಾ ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಎಲ್ಲ ಬರೆದಿತ್ತು. ಸೆವರಿನ್ ಹೆಸರಿನ ಕೆಳಗೆ ಮಾತ್ರ ಖಾಲಿ.

“ಸೆವರಿನ್‌ದು ಯಾಕೆ ಡೇಟ್ಸ್ ಹಾಕಿಲ್ಲ ಸರ್?”

“ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ.”

ನಿವೃತ್ತ ವಕೀಲರ ಉತ್ತರ. ಎಪ್ಪತ್ತು ದಾಟಿದ ಜೂಲಿಯನ್ ಈ ಕಲ್ಲಿನ ಮನೆಯನ್ನು ಲಾರ್ಸ್‌ನ ಮಗಳು ಇಂಗಾಳಿಂದ ಕೊಂಡವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದೇನೆ ಎಂದು ಫೋನಿನಲ್ಲಿ ಹೇಳಿದ್ದರು. ಮನೆಕೆಲಸದ ಆಚಿಯೆಂಗ್ ಮಾತ್ರ ಆಗಾಗ ಸದ್ದಿಲ್ಲದೆ ಓಡಾಡುತ್ತಿದ್ದಳು. ಈಗಷ್ಟೇ ಒಂದು ಬಟ್ಟಲು ಉಜಿ, ಅಂದರೆ ಇಲ್ಲಿಯ ಗಂಜಿ, ಹಿಡಿದುಕೊಂಡು ಹಿಂದಿನ ಕೋಣೆಯ ಕಡೆ ಹೋದಳು.

ನನ್ನ ಪಕ್ಕದಲ್ಲಿ ಜೆಸ್ವಿಟಾ ಡಿಸೋಜಾ ಬ್ಯಾಗಿನ ಹಿಡಿಯನ್ನು ತಿರುಚುತ್ತ ಕೂತಿದ್ದರು. ನಾವು ಬಂದದ್ದು ಅವರ ಅತ್ತೆಗಾಗಿ. ನೈರೋಬಿಯದೇ ಪಂಗಾನಿ ಬಡಾವಣೆಯ ಮಂಗಳೂರು ಕ್ರಿಶ್ಚಿಯನ್ನರೆಲ್ಲ ‘ಮಾಯ್’, ಅಂದರೆ ಅಮ್ಮ, ಎಂದೇ ಕರೆಯುವ ಮಗ್ದಲೀನಾ ಡಿಸೋಜಾ. ಎಂಬತ್ತೆಂಟು ವರ್ಷ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಎದೆಯ ಸೋಂಕಿನಿಂದ ಮುಂದೆ ಹೋಗಿದ್ದ ಆಪರೇಷನ್ ನಾಳೆ. ಈ ವಯಸ್ಸಿನಲ್ಲಿ ಭರವಸೆ ಕೊಡಲಾರೆವು ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ಮಾಯ್‌ನ ತಾಯಿ ವಾಂಗೂಯಿ ಎಂಬ, ಇಲ್ಲಿಯ ಕಿಕುಯು ಜನಾಂಗದ ಹೆಂಗಸು. ತಂದೆ ಲೊರೆಶೋದ ಬಿಳಿ ಬಡಗಿ ಎಂದು ತಾಯಿ ಹೇಳುತ್ತಿದ್ದಳಂತೆ. ಇಪ್ಪತ್ತರ ವಯಸ್ಸಿನಲ್ಲಿ ಮಾಯ್ ಒಮ್ಮೆ ಈ ಮನೆಯ ಗೇಟಿಗೆ ಬಂದಿದ್ದರು. ಒಳಗಿಂದ ಬಂದ ಬಿಳಿಯ ಹೆಂಗಸು, “ಇಲ್ಲಿ ನಿನ್ನವರು ಯಾರೂ ಇಲ್ಲ,” ಎಂದು ಕಳಿಸಿದಳು. ಆಮೇಲೆ ಮಾಯ್ ಮಂಗಳೂರಿನ ಟೈಲರ್ ಒಬ್ಬರನ್ನು ಮದುವೆಯಾಗಿ, ಕೊಂಕಣಿ ಕಲಿತು, ನಾಲ್ಕು ಮಕ್ಕಳನ್ನು ಬೆಳೆಸಿದರು. ಆ ಗೇಟಿನ ಮಾತನ್ನು ಮಾತ್ರ ಎತ್ತಲಿಲ್ಲ. ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಎತ್ತಿದ್ದರು. “ಆ ಮನೆಯ ಲೆಕ್ಕದಲ್ಲಿ ನಾನು ಇದ್ದೆನಾ, ಇಲ್ಲವಾ? ಅಷ್ಟು ತಿಳಿದುಕೊಂಡು ಒಳಗೆ ಹೋಗ್ತೇನೆ.”

“ಅಂಕಲ್, ಮಾಯ್‌ಗೆ ಆಸ್ತಿ ಬೇಡ, ಹೆಸರೂ ಬೇಡ. ಹೌದು ಅಂತ ಒಂದು ಮಾತು ಸಾಕು,” ಎಂದರು ಜೆಸ್ವಿಟಾ.

“ಇಲ್ಲದ್ದಕ್ಕೆ ಹೌದು ಅಂತ ಹೇಗೆ ಹೇಳುದು ಜೆಸ್ವಿಟಾ?” ಜೂಲಿಯನ್ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಚರ್ಚು, ಕೋರ್ಟು, ಸ್ಮಶಾನ, ಎಲ್ಲ ಕಡೆ ನೋಡಿ ಆ ಮರ ಬರೆದದ್ದು ನಾನು. ಅವಳ ಹೆಸರು ಎಲ್ಲಿಯೂ ಇಲ್ಲ.”

“ಎಲ್ಲಿಯೂ ಇಲ್ಲ, ಒಪ್ಪಿದೆ,” ಎಂದೆ. “ಇಲ್ಲ ಅನ್ನೋದೇ ನನ್ನ ಪಾಯಿಂಟು.”

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಗಂಡನ ಟೆಲಿಕಾಂ ಪೋಸ್ಟಿಂಗಿನ ಜೊತೆ ನೈರೋಬಿಗೆ ಬಂದ ನನಗೆ ಇಲ್ಲಿ ದುಡಿಯುವ ಪರವಾನಗಿ ಇಲ್ಲ. ಅದಕ್ಕೆ ಮೊದಲು ಮೈಸೂರಿನಲ್ಲಿ ಹನ್ನೊಂದು ವರ್ಷ ಪಾಲುಪಾರಿಕತ್ತಿನ ಕೇಸುಗಳಿಗೆ ವಂಶವೃಕ್ಷ ಪರಿಶೀಲಿಸಿದ್ದೇನೆ. ನಮ್ಮ ಜನ ಅದರಲ್ಲಿ ಸುಳ್ಳು ಬರೆಯುವುದು ಕಡಿಮೆ. ಅವರು ಹೆಣ್ಣುಮಕ್ಕಳನ್ನು ಬಿಟ್ಟುಬಿಡುತ್ತಾರೆ. ಅಣ್ಣತಮ್ಮಂದಿರು ಐದು ಜನ ಸಾಲಾಗಿ ನಿಂತಿರುತ್ತಾರೆ, ಮಧ್ಯೆ ಇಬ್ಬರು ಅಕ್ಕಂದಿರು ಹೊಗೆಯ ಹಾಗೆ ಮಾಯವಾಗಿರುತ್ತಾರೆ. ಹಾಗಾಗಿ ಯಾವ ವಂಶವೃಕ್ಷ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಸಂದಿಗಳ ಕಡೆಗೆ.

ಮೂರು ವಾರದಿಂದ ಸೌತ್ ಬಿ ಬಡಾವಣೆಯ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ನಾರ್ವೆಯ ಚರ್ಚುಗಳ ಹಳೆಯ ದಾಖಲೆ ನೋಡುತ್ತಿದ್ದೆ. ಎಲ್ಲವನ್ನೂ ಅವರು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಗಂಡ ಚಿರಂತನ್ ಅಂತೂ, “ನಮ್ಮ ಗ್ಯಾಸ್ ಬುಕ್ ಎಲ್ಲಿದೆ ಅಂತ ಗೊತ್ತಿಲ್ಲ, ನಾರ್ವೆಯೋರ ಜಾತಕ ಬಾಯಿಪಾಠ,” ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಯಾವುದೋ ಹಿಮದ ಕಣಿವೆಯಲ್ಲಿ, ನೂರೈವತ್ತು ವರ್ಷದ ಹಿಂದೆ, ಒಬ್ಬ ಪಾದ್ರಿ ಮಸಿಯಲ್ಲಿ ಬರೆದ ಮಗುವಿನ ಹೆಸರನ್ನು ನಾನು ಒಗ್ಗರಣೆ ಹಾಕುವ ನಡುವೆ ಓದುತ್ತಿದ್ದೇನೆ ಎಂದು ಹೊಳೆದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು.

ಮೊದಲು ಒಂದು ಎಡವಟ್ಟೂ ಮಾಡಿದ್ದೆ. ಲಾರ್ಸ್‌ನ ಅಕ್ಕಂದಿರಲ್ಲಿ ಮಾರಿತ್ ಎಂಬ ಹೆಸರು ಮೂರು ಸಲ ಬಂದಿತ್ತು. ಪಾದ್ರಿಗೆ ಮರೆವಿರಬೇಕೆಂದು ಎರಡನ್ನು ಹೊಡೆದುಹಾಕಿದ್ದೆ. ಆಮೇಲೆ ಮಣ್ಣು ಮಾಡಿದ ದಾಖಲೆ ಸಿಕ್ಕಿತು. ಮೊದಲ ಮಾರಿತ್ ಸತ್ತಳು, ಮುಂದಿನ ಹೆಣ್ಣುಮಗುವಿಗೆ ಅದೇ ಹೆಸರು. ಅವಳೂ ಸತ್ತಳು, ಮತ್ತೆ ಅದೇ ಹೆಸರು. ಹೆಸರು ನೆಲಕ್ಕೆ ಬೀಳಬಾರದು ಎಂಬ ಹಟ ಆ ಜನಕ್ಕೆ.

ನಾನು ಮೇಜಿನ ಮೇಲಿದ್ದ ಪೇಪರ್ ನ್ಯಾಪ್ಕಿನ್ ಎಳೆದುಕೊಂಡು ಪೆನ್ನು ತೆಗೆದೆ.

“ಸರ್, ಆ ಊರಲ್ಲಿ ಹೆಸರಿಡೋಕೆ ಒಂದು ಕ್ರಮ ಇದೆ. ಮೊದಲನೇ ಮಗನಿಗೆ ಅಪ್ಪನ ಅಪ್ಪನ ಹೆಸರು. ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲನೇ ಮಗಳಿಗೆ ಅಪ್ಪನ ಅಮ್ಮನದು. ಎರಡನೆಯವಳಿಗೆ ಅಮ್ಮನ ಅಮ್ಮನದು.”

“ಇದೆಂತ ಹೊಸತು? ನಮ್ಮದೂ ಹೀಗೇ ಅಲ್ವಾ,” ಎಂದರು ಜೆಸ್ವಿಟಾ. “ನನ್ನ ಗಂಡನಿಗೆ ಮ್ಯಾಥ್ಯೂ ಅಂತ ಇಟ್ಟದ್ದು ಅವರ ಅಜ್ಜನ ಹೆಸರು. ಮಾಯ್‌ನ ತಾಯಿ ಕಡೆಯ ಕಿಕುಯು ಜನರಲ್ಲಿ ಕೂಡ ಇದೇ ಕ್ರಮ.” ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. “ಯಾ ದೇವಾ. ಮೂರು ಕಡೆಯೂ ಒಂದೇ.”

ಹಿಮದ ಕಣಿವೆ, ಮಂಗಳೂರಿನ ಕರಾವಳಿ, ಕೀನ್ಯಾದ ಬೆಟ್ಟದ ತಪ್ಪಲು. ಒಬ್ಬರನ್ನೊಬ್ಬರು ಕಂಡರಿಯದ ಜನ ತಮ್ಮ ಅಜ್ಜಿಯರನ್ನು ಒಂದೇ ರೀತಿಯಲ್ಲಿ ಮೊಮ್ಮಕ್ಕಳಲ್ಲಿ ಉಳಿಸಿಕೊಂಡಿದ್ದರು.

“ಈಗ ನಿಮ್ಮ ಮರ ನೋಡಿ ಸರ್. ಸೆವರಿನ್, ಅದು ಲಾರ್ಸ್‌ನ ಅಪ್ಪನ ಹೆಸರು. ಸರಿ. ಹಾಲ್ವೋರ್, ಕಾರೆನ್‌ನ ಅಪ್ಪನ ಹೆಸರು. ಸರಿ. ಇಂಗಾ ಯಾರ ಹೆಸರು?”

“ನನಗೆ ಹೇಗೆ ಗೊತ್ತುಂಟು?”

“ಕಾರೆನ್‌ನ ಅಮ್ಮನ ಹೆಸರು. ಅದು ಎರಡನೇ ಮಗಳಿಗೆ ಹೋಗಬೇಕಾದದ್ದು. ಲಾರ್ಸ್‌ನ ಅಮ್ಮನ ಹೆಸರು ಎಲ್ಲಿ ಹೋಯ್ತು? ನಾಲ್ಕು ತಲೆಮಾರು ನೋಡಿದೀನಿ, ಆ ಮನೆಯಲ್ಲಿ ಒಬ್ಬರೂ ಕ್ರಮ ತಪ್ಪಿಲ್ಲ. ಲಾರ್ಸ್ ಒಬ್ಬನೇ ಹೆತ್ತ ತಾಯಿನ ಬಿಟ್ಟನಾ?”

“ಊರು ಬಿಟ್ಟು ಬಂದವ. ಬಿಟ್ಟಿರಬಹುದು.”

“ಗಂಡುಮಕ್ಕಳ ಹೆಸರಲ್ಲಿ ಬಿಡದವನು ಹೆಣ್ಣಲ್ಲಿ ಬಿಟ್ಟನಾ? ಇಲ್ಲ ಸರ್. ಆ ಹೆಸರನ್ನು ಆಗಲೇ ಒಬ್ಬಳಿಗೆ ಕೊಟ್ಟಾಗಿತ್ತು. ಅವಳನ್ನ ಮೊದಲನೇ ಮಗಳು ಅಂತ ಲೆಕ್ಕ ಹಿಡಿದಿದ್ದಕ್ಕೇ ಇಂಗಾ ಎರಡನೆಯವಳಾದಳು.”

ಜೂಲಿಯನ್ ಎದ್ದು ಕಿಟಕಿಯ ಕಡೆ ಮುಖ ಮಾಡಿದರು.

ನಾನು ನ್ಯಾಪ್ಕಿನ್ ಮೇಲೆ ಒಂದು ಹೆಸರು ಬರೆದು ಮಡಚಿ ಅವರ ಕಾಫಿ ಲೋಟದ ಕೆಳಗಿಟ್ಟೆ. “ಲಾರ್ಸ್‌ನ ಅಮ್ಮನ ಹೆಸರು ಇದು. ನಿಮ್ಮ ಮರದಲ್ಲಿ ಇಲ್ಲ. ನಾನು ಜೆಸ್ವಿಟಾಗೂ ಹೇಳಿಲ್ಲ. ಜೆಸ್ವಿಟಾ, ಮಾಯ್‌ಗೆ ಫೋನ್ ಮಾಡಿ. ಚಿಕ್ಕಂದಿನಲ್ಲಿ ಅವರ ತಾಯಿ ಏನಂತ ಕರೀತಿದ್ರು, ಅದೊಂದು ಕೇಳಿ.”

“ಮಗ್ದಲೀನಾ ಅಂತಲೇ ಅಲ್ವಾ?”

“ಅದು ಮದುವೆಗೆ ಮುಂಚೆ ಚರ್ಚಿನಲ್ಲಿ ಇಟ್ಟ ಹೆಸರು. ಅದಕ್ಕಿಂತ ಹಿಂದಿನದು ಕೇಳಿ.”

ಜೆಸ್ವಿಟಾ ಸ್ಪೀಕರ್ ಹಾಕಿದರು. ಆ ಕಡೆ ಆಸ್ಪತ್ರೆಯಲ್ಲಿ ಅವರ ಗಂಡ ಮ್ಯಾಥ್ಯೂ ಫೋನನ್ನು ತಾಯಿಯ ಕಿವಿಗೆ ಹಿಡಿದರು. ಕೊಂಕಣಿಯಲ್ಲಿ ಪ್ರಶ್ನೆ ಹೋಯಿತು. ತಪ್ಪಿದರೆ ಏನು ಗತಿ ಎಂದು ಆಗ ಭಯವಾಯಿತು.

“ಆ ಹೆಸರು ನಿಮಗೆ ಯಾಕೆ ಮಗಾ?” ಎಂದರು ಮಾಯ್. “ಗೇಟಿನಿಂದ ತಿರುಗಿ ಬಂದ ದಿನ ಬಿಟ್ಟುಬಿಟ್ಟೆ ಅದನ್ನು. ರಾಗ್ನಾ ಅಂತ ಕರೀತಿದ್ದಳು. ಎಂತ ಅರ್ಥವೋ.”

ಜೂಲಿಯನ್ ನ್ಯಾಪ್ಕಿನ್ ಬಿಚ್ಚಿದರು. ಜೆಸ್ವಿಟಾ ಅವರ ಹೆಗಲ ಮೇಲಿಂದ ಬಗ್ಗಿ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು ಅಳುವುದಕ್ಕೆ ಶುರುಮಾಡಿದರು. ನನ್ನ ಕಣ್ಣೂ ತುಂಬಿತು. ನಾರ್ವೆ ಬಿಟ್ಟು ಎಲ್ಲಿಗೂ ಹೋಗದ ಒಬ್ಬ ಮುದುಕಿಯ ಹೆಸರು ಪಂಗಾನಿಯ ಒಂದು ಮನೆಯಲ್ಲಿ ಯಾರಿಗೂ ತಿಳಿಯದೆ ಬದುಕಿತ್ತು.

ಗೆದ್ದೆವು ಎಂದುಕೊಂಡೆ. ಆದರೆ ಜೂಲಿಯನ್ ಮುಖ ಸೋತವರದಾಗಿರಲಿಲ್ಲ.

“ಬನ್ನಿ,” ಎಂದರು. “ನಿಮಗೊಂದು ತೋರಿಸ್ತೇನೆ. ತೋರಿಸಬಾರದು ಅಂತ ಇದ್ದೆ.”

ಹಿಂದಿನ ಜಗಲಿ ದಾಟಿ, ಆವಕಾಡೊ ಮರದ ಆಚೆ, ಬೇಲಿಯ ಮೂಲೆಗೆ ಕರೆದುಕೊಂಡು ಹೋದರು. ಹುಲ್ಲಿನ ಮಧ್ಯೆ ಮೊಣಕಾಲೆತ್ತರದ ಒಂದು ಬೂದು ಕಲ್ಲು, ಅದರ ಬುಡದಲ್ಲಿ ಒಂದು ಬಿಳಿ ಹೂವು. ಉಳಿ ಹಿಡಿದು ಅಭ್ಯಾಸವಿದ್ದ ಕೈಯೇ ಕೆತ್ತಿದ್ದು, ಆದರೆ ಕಲ್ಲಿಗಿಂತ ಮರಕ್ಕೆ ಒಗ್ಗಿದ ಕೈ.

*ರಾಗ್ನಾ, ಲಾರ್ಸ್‌ನ ಮಗಳು. 1920–1923.*

ನಾರ್ವೆಯ ಭಾಷೆಯಲ್ಲಿ ಅಷ್ಟೇ ಇತ್ತು. ಮೂರು ವಾರದಲ್ಲಿ ಅಷ್ಟು ಓದಲು ಕಲಿತಿದ್ದೆ.

“ರಾಗ್ನಾ ಇದ್ದಳು. ಒಪ್ತೇನೆ,” ಎಂದರು ಜೂಲಿಯನ್. “ವಾಂಗೂಯಿಯ ಮಗಳೇ. ಕಾರೆನ್ ಬರುವ ಮೊದಲು ಲಾರ್ಸ್ ಅವಳೊಟ್ಟಿಗೆ ಇದ್ದ. ಆದ್ರೆ ಆ ಮಗು ಮೂರು ವರ್ಷಕ್ಕೇ ಹೋಯ್ತು. ನಿಮ್ಮ ಮಾಯ್ ಹುಟ್ಟಿದ್ದು ಇಪ್ಪತ್ತೈದರಲ್ಲಿ. ಸತ್ತ ಮಗುವಿನ ಹೆಸರು ಹೇಳಿಕೊಂಡು ಗೇಟಿಗೆ ಬಂದವರನ್ನು ಯಾರು ಒಳಗೆ ಬಿಡ್ತಾರೆ ಹೇಳಿ?”

ಜೆಸ್ವಿಟಾ ಕಲ್ಲನ್ನೇ ನೋಡುತ್ತ ನಿಂತರು. ಫೋನು ಅವರ ಕೈಯಲ್ಲೇ ಇತ್ತು. “ಅಂದ್ರೆ... ಮಾಯ್ ಸುಳ್ಳು ಹೇಳಿದ್ರಾ?”

ಇದನ್ನು ನಾನು ನೆನೆಸಿರಲಿಲ್ಲ. ತಾಯಿ ಬೇರೆ ಯಾರದೋ ಮಗುವಿಗೆ ಕಳೆದುಹೋದ ಮಗಳ ಹೆಸರಿಟ್ಟು ಸಮಾಧಾನ ಮಾಡಿಕೊಂಡಳೇ? ಆ ಕಥೆಯನ್ನೇ ಮಾಯ್ ಜನ್ಮವಿಡೀ ನಂಬಿದರೇ? ನಾಳೆ ಆಪರೇಷನ್ನಿಗೆ ಹೋಗುವವರಿಗೆ ಇದನ್ನು ಹೇಗೆ ಹೇಳುವುದು?

ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಹೆಸರು. ವರ್ಷ. ಮತ್ತೆ ಹೆಸರು. ಆಗ ಆ ಮೂವರು ಮಾರಿತ್‌ಗಳು ನೆನಪಾದರು.

“ಸರ್,” ಎಂದೆ, ಎದ್ದೇಳದೆಯೇ. “ಇಂಗಾ ಹುಟ್ಟಿದ್ದು ಯಾವಾಗ?”

“ಇಪ್ಪತ್ತೆಂಟು. ಮರದಲ್ಲಿ ಉಂಟಲ್ಲ.”

“ಸತ್ತ ಮಗುವಿನ ಹೆಸರು ಮುಂದಿನ ಮಗಳಿಗೆ ಹೋಗಬೇಕು. ಲಾರ್ಸ್‌ನ ಸ್ವಂತ ಅಕ್ಕಂದಿರಲ್ಲೇ ಎರಡು ಸಲ ಹಾಗಾಗಿದೆ. ರಾಗ್ನಾ ಇಪ್ಪತ್ತಮೂರರಲ್ಲಿ ಸತ್ತಳು. ಹಾಗಾದ್ರೆ ಇಪ್ಪತ್ತೆಂಟರಲ್ಲಿ ಹುಟ್ಟಿದವಳು ರಾಗ್ನಾ ಆಗಬೇಕಿತ್ತು. ಯಾಕೆ ಇಂಗಾ ಆದಳು?”

ಜೂಲಿಯನ್‌ದು ವಕೀಲರ ತಲೆ, ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕೈಯೂರಿ ಮರಕ್ಕೆ ಒರಗಿದರು.

“ಮಧ್ಯದಲ್ಲಿ ಇನ್ನೊಬ್ಬಳು ಹುಟ್ಟಿದ್ದಳು. ಅವಳಿಗೆ ಆ ಹೆಸರು ಹೋಗಿತ್ತು. ಅವಳು ಇಪ್ಪತ್ತೆಂಟರಲ್ಲಿ ಬದುಕಿದ್ದಳು, ಮತ್ತೆ ಅದು ಲಾರ್ಸ್‌ಗೆ ಗೊತ್ತಿತ್ತು. ವಾಂಗೂಯಿನ ಮನೆ ಬಿಡಿಸಿದಾಗ ಅವಳು ಬಸುರಿ. ಈ ಕಲ್ಲು ನಿಮ್ಮ ಸಾಕ್ಷಿ ಅಲ್ಲ ಸರ್. ನಮ್ಮದು.”

ಗಾಳಿಗೆ ಆವಕಾಡೊ ಎಲೆಗಳು ಸರಿದಾಡಿದವು. ಕಾರೆನ್‌ಗೆ ಹೇಳಲಾರದ, ಪಾದ್ರಿಗೆ ಹೇಳಲಾರದ ಮನುಷ್ಯ, ತನ್ನ ಚಿಕ್ಕ ಮಗಳಿಗೆ ಒಂದು ಹೆಸರನ್ನು ಇಡದೆ ಬಿಟ್ಟು ಅಷ್ಟನ್ನೂ ಹೇಳಿಹೋಗಿದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಬೆರಗು ಅದಕ್ಕಿಂತ ದೊಡ್ಡದಾಗಿತ್ತು.

“ಜೆಸ್ವಿಟಾ.”

ನಾವು ಬೆಚ್ಚಿದೆವು. ಮಾತು ಬಂದದ್ದು ಫೋನಿನಿಂದ. ಕಾಲ್ ಕಟ್ ಮಾಡಲು ಯಾರಿಗೂ ನೆನಪಿರಲಿಲ್ಲ. ಮಾಯ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಮಾಯ್! ಕೇಳಿತಾ? ನೀವು ಲೆಕ್ಕದಲ್ಲಿ ಇದ್ರಿ. ಇದ್ರಿ ಮಾಯ್!”

“ಕೇಳಿತು. ಒಳ್ಳೆದಾಯ್ತು.” ಆಮೇಲೆ, “ಇನ್ನೊಂದು ಕೇಳು. ಸೆವರಿನ್ ಅಲ್ಲಿದ್ದಾನಾ?”

“ಯಾವ ಸೆವರಿನ್?”

“ನನ್ನ ಅಣ್ಣ. ನಮ್ಮ ಅಮ್ಮನ ದೊಡ್ಡ ಮಗ. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಮ್ಮ ಆ ಮನೆ ಬಿಟ್ಟಾಗ ಅವನನ್ನು ಅಲ್ಲೇ ಇಟ್ಟುಕೊಂಡ್ರು. ಅಂದು ಗೇಟಿಗೆ ಹೋದದ್ದು ಅಪ್ಪನಿಗಾಗಿ ಅಲ್ಲ ಮಗಾ. ಅವನನ್ನು ಒಮ್ಮೆ ನೋಡ್ಲಿಕ್ಕೆ.”

ಈಗ ನನಗೆ ಎಲ್ಲ ಒಟ್ಟಿಗೆ ಕಂಡಿತು. ತಾರೀಖಿಲ್ಲದ ಆ ಹೆಸರು. ಒಬ್ಬರೇ ಇರುವವರ ಮನೆಯ ಹಿಂದಿನ ಕೋಣೆಗೆ ಹೋದ ಉಜಿಯ ಬಟ್ಟಲು. ಕಲ್ಲಿನ ಬುಡದಲ್ಲಿ ಇನ್ನೂ ಬಾಡದ ಬಿಳಿ ಹೂವು.

“ಜೂಲಿಯನ್ ಸರ್, ಆ ಹೂ ಯಾರಿಟ್ಟಿದ್ದು?”

“ನಾನು ಮಾತು ಕೊಟ್ಟಿದ್ದೇನೆ ಮೇಡಂ,” ಎಂದರು ಜೂಲಿಯನ್, ಬಹಳ ಮೆಲ್ಲಗೆ. “ಮನೆ ಕೊಳ್ಳುವಾಗ ಇಂಗಾ ಹಾಕಿದ ಶರತ್ತು ಅದೊಂದೇ. ಸೆವರಿನ್ ಬದುಕಿರುವಷ್ಟು ದಿನ ಇಲ್ಲೇ ಇರಬೇಕು, ಯಾರಿಗೂ ತಿಳಿಯಬಾರದು. ಜನ್ಮವಿಡೀ ಅವರನ್ನು ಕಾರೆನ್‌ನ ಮಗ ಅಂತಲೇ ಬೆಳೆಸಿದ್ದು, ಹುಟ್ಟಿದ ವರ್ಷ ಬರೆದರೆ ಅದು ಸುಳ್ಳಾಗ್ತದೆ.”

ಜಗಲಿಯ ಮೇಲೆ ಚಕ್ರಗಳ ಸದ್ದಾಯಿತು. ಆಚಿಯೆಂಗ್ ಒಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದಳು. ಅದರಲ್ಲಿ ಕಂಬಳಿ ಹೊದ್ದ ತೀರಾ ವಯಸ್ಸಾದ ಒಬ್ಬರು. ಆ ಅಗಲ ಹಣೆ, ಒಂದಕ್ಕೊಂದು ದೂರವಿದ್ದ ಆ ಕಣ್ಣುಗಳನ್ನು ನಾನು ಆಸ್ಪತ್ರೆಯ ದಿಂಬಿನ ಮೇಲೆ ನೋಡಿದ್ದೆ. ಜೆಸ್ವಿಟಾ ನನ್ನ ತೋಳು ಹಿಡಿದುಕೊಂಡರು.

ಅವರು ಸ್ವಾಹಿಲಿಯಲ್ಲಿ ಮಾತಾಡಿದರು. ಜೆಸ್ವಿಟಾ ಒಡೆದ ದನಿಯಲ್ಲಿ ನನಗೆ ಹೇಳುತ್ತ ಹೋದರು.

“ನನ್ನ ತಂಗಿಯನ್ನು ಇಲ್ಲಿ ಮಲಗಿಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ನನಗೆ ಐದು ವರ್ಷ. ನನ್ನ ಹೆತ್ತ ಅಮ್ಮನಿಗೆ ಇನ್ನೊಬ್ಬ ಮಗಳಿಲ್ಲ. ಫೋನಿನಲ್ಲಿ ಅವಳ ಹೆಸರು ಹೇಳಿದ್ದು ನನ್ನ ಕೋಣೆಗೆ ಕೇಳಿಸಿತು, ಈ ಹೆಂಗಸು ಯಾರು?”

ಉತ್ತರ ಫೋನಿನಿಂದ ಬಂತು. ಕೊಂಕಣಿಯಲ್ಲ, ಸ್ವಾಹಿಲಿಯಲ್ಲ. ಕಿಕುಯು. ಮಾಯ್ ಅಷ್ಟು ಚಿಕ್ಕ ಹುಡುಗಿಯ ದನಿಯಲ್ಲಿ ಮಾತಾಡುವುದನ್ನು ಜೆಸ್ವಿಟಾ ಕೂಡ ಎಂದೂ ಕೇಳಿರಲಿಲ್ಲವಂತೆ. ನಮಗೆ ಒಂದಕ್ಷರ ತಿಳಿಯಲಿಲ್ಲ. ಸೆವರಿನ್ ಮಾತ್ರ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿದರು.

ಅಷ್ಟರಲ್ಲಿ ಆ ಕಡೆ ಏನೋ ಗಲಿಬಿಲಿ. ಮಾಯ್ ಮಾತು ಅರ್ಧಕ್ಕೆ ನಿಂತಿತು. ಮ್ಯಾಥ್ಯೂ ದನಿ ಬಂತು. “ಜೆಸ್ವಿಟಾ, ಬೇಗ ಬಾ. ಬಿಪಿ ಬೀಳ್ತಾ ಉಂಟು. ನಾಳೆವರೆಗೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಈಗಲೇ ಒಳಗೆ ಕರಕೊಂಡು ಹೋಗ್ತಿದ್ದಾರೆ.”

ಫೋನು ಸುಮ್ಮನಾಯಿತು.

ಸೆವರಿನ್ ಕಲ್ಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ತಂಗಿಯನ್ನು ಮಲಗಿಸಿದ ದಿನ ಅಮ್ಮ ಇಲ್ಲಿ ಕೂತು ಎರಡು ಮಾತು ಹೇಳಿದ್ದಳು,” ಎಂದರು. “ಕೇಳಿದವನು ನಾನೊಬ್ಬನೇ. ಈಗ ಫೋನಿನಲ್ಲಿ ಅವಳು ಹೇಳಿದ್ದು ಮೊದಲನೆಯ ಮಾತು, ಅಮ್ಮನೇ ಹೇಳದೆ ಅದು ಅವಳಿಗೆ ಗೊತ್ತಾಗುವಂತಿಲ್ಲ.”

ಆಮೇಲೆ, ಹನ್ನೆರಡು ವರ್ಷದಿಂದ ಈ ಮನೆಯ ಗೇಟು ದಾಟದ ಆ ಮನುಷ್ಯ ಮೈಮೇಲಿನ ಕಂಬಳಿಯನ್ನು ತೆಗೆದು ಆಚಿಯೆಂಗ್ ಕೈಗೆ ಕೊಟ್ಟರು.

“ಜೂಲಿಯನ್, ಕಾರು ತೆಗೆ. ಎರಡನೆಯದನ್ನು ಹೇಳಲು ಅವಳು ಬದುಕಿರಬೇಕು.”